ಒಂದು ಚಿಟಿಕೆ ಧೂಪ ಹಾಕಿದ್ದರೆ ಏನಾಗುತ್ತಿತ್ತು? ರೋಮನ್ ಕಾಲದ ಕ್ರೈಸ್ತರ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಧಾರವಾಡದ ಓದುಗ

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಯುವಜನ ಸಂಘದಲ್ಲಿ ಕ್ರೈಸ್ತರ ಮೊದಲ ಮೂರು ಶತಮಾನಗಳ ಚರಿತ್ರೆಯನ್ನು ಓದುತ್ತಿದ್ದೇವೆ. ಪಾಠ ನಡೆಸುವ ಹೊಣೆ ನನ್ನದು. ಸ್ಮುರ್ನ ಪಟ್ಟಣದ ಬಿಷಪ್ ಪಾಲಿಕಾರ್ಪನ ಮರಣದ ವೃತ್ತಾಂತವನ್ನು ಓದಿ ಮುಗಿಸಿದಾಗ, ಬಿ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. ರೋಮನ್ ಅಧಿಕಾರಿ ಬೇಡಿದ್ದು ಚಕ್ರವರ್ತಿಯ ಪ್ರತಿಮೆಯ ಮುಂದೆ ಒಂದು ಚಿಟಿಕೆ ಧೂಪ, ಅದರ ಜೊತೆಗೆ ಬಾಯಿಮಾತಿನ ಒಂದು ವಾಕ್ಯ, ಅಷ್ಟೇ. ಮನಸ್ಸಿನಲ್ಲಿ ಏನಿದೆ ಎಂದು ಅವನು ಕೇಳಲೇ ಇಲ್ಲ. ಹಾಗಿರುವಾಗ ಕೈಯಿಂದ ಧೂಪ ಹಾಕಿ, ಮನಸ್ಸನ್ನು ಕ್ರಿಸ್ತನಿಗೇ ಉಳಿಸಿಕೊಂಡು, ಮನೆಗೆ ಬಂದು ಹೆಂಡತಿ ಮಕ್ಕಳನ್ನು ನೋಡಿಕೊಂಡಿದ್ದರೆ ದೇವರು ಅದನ್ನು ಅರ್ಥಮಾಡಿಕೊಳ್ಳುತ್ತಿರಲಿಲ್ಲವೇ ಎಂಬುದು ಅವಳ ಪ್ರಶ್ನೆ.

ವಿಗ್ರಹಾರಾಧನೆ ಪಾಪ ಎಂಬ ಉತ್ತರವನ್ನು ಕೊಡಬಹುದು. ಆದರೆ ಆ ಉತ್ತರ ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆಯೇ ಹೊರತು, ಇಷ್ಟು ಸಣ್ಣ ಕ್ರಿಯೆಗಾಗಿ ಎರಡು ಕಡೆಯವರೂ ಅಷ್ಟೊಂದು ಪಟ್ಟು ಹಿಡಿದದ್ದು ಏಕೆ ಎಂಬುದನ್ನು ತಿಳಿಸುವುದಿಲ್ಲ. ಅದರ ಬೆನ್ನಿಗೇ ನನ್ನವೂ ಎರಡು ಸಂದೇಹಗಳಿವೆ. ಸಂಡೇ ಸ್ಕೂಲಿನ ಕಥೆಗಳಲ್ಲಿ ಅಚಲವಾಗಿ ನಿಂತವರು ಮಾತ್ರ ಕಾಣಿಸುತ್ತಾರೆ. ನಿಜವಾಗಿಯೂ ಎಲ್ಲರೂ ಹಾಗೆಯೇ ನಿಂತರೇ? ಮತ್ತು ಅವರು ಸುತ್ತಲಿನ ಸಮಾಜದ ಎಲ್ಲವನ್ನೂ, ಅಂದರೆ ಊಟ, ಉಡುಗೆ, ಮದುವೆ ಮುಂಜಿಗಳನ್ನೂ ದೂರವಿಟ್ಟರೇ, ಅಥವಾ ನಿರಾಕರಣೆಗೆ ಒಂದು ಗಡಿ ಇತ್ತೇ? ಲೋಕದ ನಡವಳಿಕೆಯನ್ನು ಅನುಸರಿಸಬೇಡಿರಿ ಎಂದು ಪೌಲನು ರೋಮಾಪುರದವರಿಗೆ ಬರೆದ ಮಾತನ್ನು ನಮ್ಮಲ್ಲಿ ಕಿವಿಯೋಲೆಯಿಂದ ಹಿಡಿದು ಸಿನಿಮಾದವರೆಗೆ ಎಲ್ಲದಕ್ಕೂ ಬಳಸುವುದನ್ನು ಕೇಳಿ ಬೆಳೆದವನು ನಾನು. ಆದ್ದರಿಂದಲೇ ಆ ಕಾಲದ ಜನ ಏನು ಮಾಡಿದರು ಎಂದು ತಿಳಿಯುವ ಆಸೆ. ಇಂದಿನ ರಾಜಕೀಯವನ್ನು ಇದರೊಳಗೆ ಎಳೆಯದೆ, ಆ ಕಾಲದ ಬರಹಗಳ ಆಧಾರದಿಂದ ಬಲ್ಲವರು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಮೇಷ್ಟ್ರು

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ರೋಮನ್ ಅಧಿಕಾರಿಗಳೂ ಕೇಳಿದ್ದರು, ಬಹುಮಟ್ಟಿಗೆ ಅವಳ ಮಾತಿನಲ್ಲಿಯೇ. ಪಾಲಿಕಾರ್ಪನ ವೃತ್ತಾಂತವನ್ನೇ ಇನ್ನೊಮ್ಮೆ ನೋಡಿ. ಅವನನ್ನು ಹಿಡಿದು ತಂದಾಗ ಊರಿನ ಶಾಂತಿಪಾಲನಾಧಿಕಾರಿ ಹೆರೋದನೂ ಅವನ ತಂದೆ ನಿಕೇತನೂ ಮುದುಕನನ್ನು ತಮ್ಮ ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಕೈಸರನು ಒಡೆಯನೆಂದು ಹೇಳಿ ಧೂಪ ಹಾಕಿ ಜೀವ ಉಳಿಸಿಕೊಂಡರೆ ಅದರಲ್ಲಿ ಕೆಡುಕೇನು ಎಂದು ಸಮಾಧಾನದಿಂದಲೇ ಕೇಳುತ್ತಾರೆ. ಅವನು ಮೊದಲು ಸುಮ್ಮನಿರುತ್ತಾನೆ. ಅವರು ಬಿಡದಿದ್ದಾಗ, ನೀವು ಹೇಳಿದಂತೆ ಮಾಡಲಾರೆ ಎನ್ನುತ್ತಾನೆ. ಆಗ ಅವರ ಸೌಜನ್ಯವೆಲ್ಲ ಮುಗಿದು, ಅವನನ್ನು ಎಷ್ಟು ಅವಸರದಿಂದ ಕೆಳಗೆ ತಳ್ಳುತ್ತಾರೆಂದರೆ ಇಳಿಯುವಾಗ ಮೊಣಕಾಲಿನ ಕೆಳಗೆ ತರಚಿಹೋಗುತ್ತದೆ. ಅದನ್ನು ಲೆಕ್ಕಿಸದೆ ಅವನು ಬಿರಬಿರನೆ ಕ್ರೀಡಾಂಗಣದ ಕಡೆಗೆ ನಡೆದನೆಂದು ಬರೆದವರು ಹೇಳುತ್ತಾರೆ. ಇದು ಎರಡನೆಯ ಶತಮಾನದ ನಡುವಿನ ಘಟನೆ.

ಈಗ ಧೂಪದ ವಿಷಯ. ಇದಕ್ಕೆ ಇರುವ ಅತ್ಯುತ್ತಮ ಸಾಕ್ಷಿ ಕ್ರೈಸ್ತರದ್ದಲ್ಲ, ಅವರನ್ನು ವಿಚಾರಣೆ ಮಾಡಿದವನದು. ಕ್ರಿ.ಶ. 112ರ ಸುಮಾರಿಗೆ, ಇಂದಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಬಿಥಿನಿಯ-ಪಾಂಟಸ್ ಪ್ರಾಂತದ ರಾಜ್ಯಪಾಲ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರವೊಂದು ಉಳಿದುಬಂದಿದೆ. ನೀನು ಕ್ರೈಸ್ತನೇ ಎಂದು ಆರೋಪಿಯನ್ನು ಮೂರು ಬಾರಿ ಕೇಳುತ್ತೇನೆ, ಹೌದೆಂದು ಪಟ್ಟುಹಿಡಿದವರನ್ನು ಮರಣದಂಡನೆಗೆ ಕಳುಹಿಸುತ್ತೇನೆ, ಏಕೆಂದರೆ ಅವರು ಒಪ್ಪಿಕೊಂಡದ್ದು ಏನೇ ಆಗಿರಲಿ, ಆ ಮೊಂಡುತನಕ್ಕಾದರೂ ಶಿಕ್ಷೆಯಾಗಬೇಕು ಎಂದು ಅವನು ಬರೆಯುತ್ತಾನೆ. ಅಲ್ಲ ಎಂದವರಿಂದ ದೇವತೆಗಳ ಪ್ರಾರ್ಥನೆಯನ್ನು ಹೇಳಿಸಿ, ಚಕ್ರವರ್ತಿಯ ಪ್ರತಿಮೆಗೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ, ಕೊನೆಗೆ ಕ್ರಿಸ್ತನನ್ನು ಶಪಿಸುವಂತೆ ಮಾಡುತ್ತಾನೆ. ಇದಕ್ಕೆ ಅವನು ಕೊಡುವ ಕಾರಣವನ್ನು ಗಮನಿಸಬೇಕು: ನಿಜವಾದ ಕ್ರೈಸ್ತರಿಂದ ಇವುಗಳಲ್ಲಿ ಒಂದನ್ನೂ ಮಾಡಿಸಲಾಗದೆಂದು ಅವನು ಕೇಳಿದ್ದಾನೆ. ಅಂದರೆ ಈ ಕ್ರಿಯೆಯನ್ನು ಆರಿಸಿದ್ದೇ ಉಳಿದೆಲ್ಲರಿಗೂ ಅದು ಸುಲಭ, ಈ ಒಂದು ಗುಂಪಿಗೆ ಮಾತ್ರ ಅಸಾಧ್ಯ ಎಂಬ ಕಾರಣಕ್ಕೆ. ಧೂಪ ಹಾಕುವುದು ಆ ವಿಚಾರಣೆಯಲ್ಲಿ ಒಂದು ಹೇಳಿಕೆಯಾಗಿತ್ತು. ನಾನು ಕ್ರಿಸ್ತನವನಲ್ಲ ಎಂಬುದೇ ಆ ಹೇಳಿಕೆ. ಆಮೇಲೆ ಮನಸ್ಸಿನಲ್ಲಿ ಬೇರೆ ಇತ್ತು ಎನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ರೋಮನ್ ಧರ್ಮ ನಂಬಿಕೆಯ ಪ್ರಮಾಣವಾಕ್ಯವನ್ನು ಯಾರಿಂದಲೂ ಕೇಳುತ್ತಿರಲಿಲ್ಲ. ಸರಿಯಾದ ಹೊತ್ತಿಗೆ ಸರಿಯಾದ ವಿಧಿಯನ್ನು ಮಾಡುವುದೇ ಆ ಧರ್ಮದ ತಿರುಳು. ಅದರಿಂದ ದೇವತೆಗಳು ಪ್ರಸನ್ನರಾಗಿ ಊರು, ಬೆಳೆ, ಸೈನ್ಯ ಎಲ್ಲವೂ ಕ್ಷೇಮವಾಗಿರುತ್ತವೆ ಎಂಬುದು ಅವರ ತಿಳಿವಳಿಕೆ. ಹೀಗಾಗಿ ಕೈ ಬೇರೆ, ಮನಸ್ಸು ಬೇರೆ ಎಂಬ ವಿಂಗಡಣೆ ರೋಮನ್ನರ ಕಣ್ಣಿನಲ್ಲಿ ಅರ್ಥವಿಲ್ಲದ್ದು. ಕೈ ಮಾಡಿದರೆ ಆರಾಧನೆ ಮುಗಿಯಿತು. ಕ್ರೈಸ್ತರು ಆ ವಿಷಯದಲ್ಲಿ ರೋಮನ್ನರ ಮಾತನ್ನು ಪೂರ್ತಿಯಾಗಿ ಒಪ್ಪಿಕೊಂಡಿದ್ದರು ಎನ್ನಬಹುದು, ಅದಕ್ಕೇ ಮಾಡಲಿಲ್ಲ.

ರೋಮನ್ನರ ಆತಂಕವೂ ಬರಿಯ ದರ್ಪವಾಗಿರಲಿಲ್ಲ. ಬಹುತೇಕ ಪಾಳುಬಿದ್ದಿದ್ದ ದೇವಸ್ಥಾನಗಳಿಗೆ ಜನ ಮತ್ತೆ ಬರತೊಡಗಿದ್ದಾರೆ, ಕೊಳ್ಳುವವರೇ ಇಲ್ಲದಂತಾಗಿದ್ದ ಬಲಿಮಾಂಸ ಮತ್ತೆ ಮಾರಾಟವಾಗುತ್ತಿದೆ ಎಂದು ಪ್ಲಿನಿ ಅದೇ ಪತ್ರದಲ್ಲಿ ನೆಮ್ಮದಿಯಿಂದ ಬರೆಯುತ್ತಾನೆ. ಟೈಬರ್ ನದಿ ಊರೊಳಗೆ ನುಗ್ಗಿದರೂ ನೈಲ್ ನದಿ ಹೊಲಕ್ಕೆ ಹರಿಯದಿದ್ದರೂ ಕ್ರೈಸ್ತರನ್ನು ಸಿಂಹಕ್ಕೆ ಹಾಕಿ ಎಂಬ ಕೂಗು ಏಳುತ್ತದೆಂದು ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಮುಂದೆ ವ್ಯಂಗ್ಯವಾಡಿದ್ದೂ ಈ ಭಯವನ್ನು ನೋಡಿಯೇ.

ನಿರಾಕರಣೆ ಎಷ್ಟು ಕಿರಿದಾದ ಜಾಗದಲ್ಲಿತ್ತು ಎಂಬುದಕ್ಕೆ ಉತ್ತರ ಆಫ್ರಿಕದ ಸ್ಕಿಲ್ಲಿ ಎಂಬ ಊರಿನ 12 ಜನರ ವಿಚಾರಣೆಯ ದಾಖಲೆಯನ್ನು ನಿಮ್ಮ ಸಂಘದಲ್ಲಿ ಓದಿಸಿ. ದಿನಾಂಕ 180ರ ಜುಲೈ 17. ಪುಟ ಒಂದೆರಡೇ. ಸ್ಪೆರಾಟಸ್ ಎಂಬವನು, ತಾನು ಕದ್ದಿಲ್ಲ, ಏನು ಕೊಂಡರೂ ತೆರಿಗೆ ಕಟ್ಟುತ್ತೇನೆ ಎನ್ನುತ್ತಾನೆ. ದೊನಾಟ ಎಂಬ ಹೆಂಗಸು, ಕೈಸರನಿಗೆ ಕೈಸರನೆಂಬ ಮರ್ಯಾದೆ, ಭಯಭಕ್ತಿ ಮಾತ್ರ ದೇವರಿಗೆ ಎನ್ನುತ್ತಾಳೆ. ಯೋಚಿಸಲು ಸಮಯ ಬೇಕೇ ಎಂದು ಅಧಿಕಾರಿ ಕೇಳಿದರೆ, ಇಷ್ಟು ನೇರವಾದ ವಿಷಯದಲ್ಲಿ ಯೋಚಿಸುವುದೇನಿದೆ ಎಂಬ ಉತ್ತರ ಬರುತ್ತದೆ; 30 ದಿನ ಕೊಡುತ್ತೇನೆಂದರೂ ಅವರು ಬದಲಾಗುವುದಿಲ್ಲ. ತೆರಿಗೆ ಇದೆ, ಮರ್ಯಾದೆ ಇದೆ, ಇಲ್ಲದ್ದು ಒಂದೇ.

ಉತ್ತರ: ಗ್ರಂಥಪಾಲಕಿ, ಮೈಸೂರು

ಮೇಷ್ಟ್ರು ಮೊದಲ ಪ್ರಶ್ನೆಗೆ ಉತ್ತರಿಸಿದ್ದಾರೆ. ಎಲ್ಲರೂ ನಿಂತರೇ ಎಂಬ ಎರಡನೆಯದನ್ನು ನಾನು ತೆಗೆದುಕೊಳ್ಳುತ್ತೇನೆ, ಮತ್ತು ಉತ್ತರ ಇಲ್ಲ ಎಂದೇ ಆರಂಭಿಸುತ್ತೇನೆ. 250ನೆಯ ಇಸವಿಯಲ್ಲಿ ನಡೆದದ್ದನ್ನು ನೋಡಿದರೆ ಮಣಿದವರ ಸಂಖ್ಯೆಯೇ ದೊಡ್ಡದು, ಮತ್ತು ನನ್ನ ಅಭಿಪ್ರಾಯದಲ್ಲಿ ಚರಿತ್ರೆಯ ಅತ್ಯಂತ ಉಪಯುಕ್ತ ಪಾಠ ಅವರ ಕಥೆಯಲ್ಲಿಯೇ ಇದೆ.

ಚಕ್ರವರ್ತಿ ಡೇಸಿಯಸ್ ಪಟ್ಟಕ್ಕೆ ಬಂದ ಸ್ವಲ್ಪ ದಿನಗಳಲ್ಲಿಯೇ, ಸಾಮ್ರಾಜ್ಯದ ಜನರೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಸ್ಥಳೀಯ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಈ ಆಜ್ಞೆಯ ಮೂಲ ಪಠ್ಯ ಉಳಿದಿಲ್ಲ. ಆದರೆ ಈಜಿಪ್ಟಿನ ಒಣ ಮರಳಿನಲ್ಲಿ 40ಕ್ಕಿಂತ ಹೆಚ್ಚು ಪ್ರಮಾಣಪತ್ರಗಳು ಪಪೈರಸ್ ಹಾಳೆಗಳಲ್ಲಿ ಸಿಕ್ಕಿವೆ. ನಮ್ಮ ತಾಲ್ಲೂಕು ಕಚೇರಿಯ ಅರ್ಜಿಗಳ ಹಾಗೆಯೇ ಎಲ್ಲದರ ಒಕ್ಕಣೆಯೂ ಒಂದೇ: ನಾನು ಎಂದಿನಿಂದಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗ ತಮ್ಮ ಸಮ್ಮುಖದಲ್ಲಿ ಆಜ್ಞೆಯಂತೆ ಬಲಿ ಅರ್ಪಿಸಿ, ಪಾನವನ್ನು ಎರೆದು, ನೈವೇದ್ಯವನ್ನು ತಿಂದಿದ್ದೇನೆ, ಇದನ್ನು ದೃಢೀಕರಿಸಿ ಕೊಡಬೇಕಾಗಿ ಕೋರುತ್ತೇನೆ. ಕೆಳಗೆ ಕಂಡವರ ಸಹಿ, ದಿನಾಂಕ. ಅವುಗಳಲ್ಲಿ ಒಂದು, ಅಲೆಕ್ಸಾಂಡರನ ದ್ವೀಪ ಎಂಬ ಹಳ್ಳಿಯ ಔರೇಲಿಯಸ್ ಡಯೋಜೆನಿಸ್ ಎಂಬವನದು. ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಕಲೆ ಎಂದು ಗುರುತನ್ನೂ ನಮೂದಿಸಲಾಗಿದೆ. ಅವನು ಕ್ರೈಸ್ತನೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಮೊಸಳೆ ದೇವತೆಯ ಪೂಜಾರಿಣಿಯೊಬ್ಬಳು ಪಡೆದ ಪ್ರಮಾಣಪತ್ರವೂ ಸಿಕ್ಕಿರುವುದರಿಂದ, ಆಜ್ಞೆ ಎಲ್ಲರಿಗೂ ಅನ್ವಯಿಸುತ್ತಿತ್ತು ಎಂಬುದು ಖಚಿತ. ಸಾಮೂಹಿಕ ಒತ್ತಡದ ಸ್ವಭಾವ ಇದೇ: ಅದು ನಿಮ್ಮನ್ನು ಗುರಿ ಮಾಡಿದಂತೆ ಕಾಣುವುದಿಲ್ಲ, ಎಲ್ಲರೂ ಮಾಡುವುದನ್ನು ನೀವೂ ಮಾಡಿ ಎಂದಷ್ಟೇ ಹೇಳುತ್ತದೆ.

ಕಾರ್ಥೇಜಿನಲ್ಲಿ ಏನಾಯಿತೆಂಬುದನ್ನು ಅಲ್ಲಿನ ಬಿಷಪ್ ಸಿಪ್ರಿಯನ್ ಮರುವರ್ಷ ಬರೆದಿಟ್ಟಿದ್ದಾನೆ, ಮತ್ತು ಅದನ್ನು ಓದುವಾಗ ನೋವಾಗುತ್ತದೆ. ಹಿಡಿದು ತರುವವರೆಗೂ ಕಾಯದೆ ಜನ ತಾವಾಗಿಯೇ ಚಾವಡಿಗೆ ಓಡಿದರು. ಬಲಿಯ ಪಶುವನ್ನು ಮನೆಯಿಂದಲೇ ಹೊಡೆದುಕೊಂಡು ಬಂದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ ಇವತ್ತೇ ಮುಗಿಸಿಕೊಡಿ ಎಂದು ಬೇಡಿಕೊಂಡರು. ಕೆಲವರು ಎಳೆಯ ಮಕ್ಕಳನ್ನೂ ಎತ್ತಿಕೊಂಡು ಹೋದರು. ಸಿಪ್ರಿಯನ್ ಸ್ವತಃ ತಲೆಮರೆಸಿಕೊಂಡಿದ್ದನೆಂಬುದನ್ನೂ ಸೇರಿಸಿ ಓದಬೇಕು. ಓಡಿಹೋದವನು ಮಣಿದವರಿಗೆ ಬುದ್ಧಿ ಹೇಳುವುದೇ ಎಂದು ಆಗಲೇ ಟೀಕೆ ಬಂದಿತ್ತು.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಹಿಂದಿರುಗಬಹುದು. ಬಲಿಯನ್ನೂ ಕೊಡದೆ, ಧೂಪವನ್ನೂ ಹಾಕದೆ, ಹಣ ಕೊಟ್ಟು ಪ್ರಮಾಣಪತ್ರವನ್ನು ಮಾತ್ರ ಪಡೆದವರು ಹಲವರಿದ್ದರು. ಅವರ ಸಮರ್ಥನೆಯನ್ನು ಸಿಪ್ರಿಯನ್ ತನ್ನ ಪತ್ರವೊಂದರಲ್ಲಿ ಅವರ ಬಾಯಿಂದಲೇ ಹೇಳಿಸುತ್ತಾನೆ: ಬಲಿ ಕೊಡಬಾರದೆಂದು ಬಿಷಪರೇ ಕಲಿಸಿದ್ದರು, ಅದಕ್ಕೇ ಅಧಿಕಾರಿಯ ಬಳಿ ಹೋಗಿ ನಾನು ಕ್ರೈಸ್ತ, ಬಲಿಪೀಠದ ಹತ್ತಿರ ಬರಲಾರೆ ಎಂದು ಹೇಳಿಯೇ ಹಣ ಕೊಟ್ಟೆ, ಮಾಡಬಾರದ್ದನ್ನು ಮಾಡದೆ ಇರುವುದಕ್ಕಾಗಿಯೇ ಕೊಟ್ಟೆ. ಕಾಗದ ಬೇರೆ, ಕೈ ಬೇರೆ ಎಂಬ ಈ ವಾದವನ್ನು ಅವನು ಒಪ್ಪುವುದಿಲ್ಲ. ಮಾಡಿಲ್ಲದಿದ್ದರೂ ಮಾಡಿದ್ದೇನೆಂದು ಬರೆಸಿಕೊಂಡದ್ದು ಕ್ರಿಸ್ತನನ್ನು ಅಲ್ಲಗಳೆದಂತೆಯೇ ಎನ್ನುತ್ತಾನೆ. ಆದರೆ ಬಲಿ ಕೊಟ್ಟವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದೂ ಅವನೇ ವಾದಿಸುತ್ತಾನೆ. ಕರೆದ ಕೂಡಲೇ ಜಿಗಿದು ಹೋದವನು ಬೇರೆ, ಬಹಳ ಹೊತ್ತು ಹೆಣಗಾಡಿ ಸೋತವನು ಬೇರೆ, ಹೆಂಡತಿ ಮಕ್ಕಳೂ ಮನೆಮಂದಿಯೆಲ್ಲರೂ ಉಳಿಯಲೆಂದು ತಾನೊಬ್ಬನೇ ಹೋಗಿ ಆ ಕೆಲಸ ಮಾಡಿದವನು ಇನ್ನೂ ಬೇರೆ.

251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಇದನ್ನೇ ಅನುಸರಿಸಿತು. ಪ್ರಮಾಣಪತ್ರ ಕೊಂಡವರನ್ನು ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿ ಕೊಟ್ಟವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿರುವುದು ಎಂದು ತೀರ್ಮಾನವಾಯಿತು. ಮತ್ತೊಂದು ಹಿಂಸೆಯ ಸುಳಿವು ಕಂಡಾಗ ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರನ್ನೂ ಒಳಗೆ ಕರೆದುಕೊಂಡರು. ರೋಮಿನಲ್ಲಿ ನೊವೇಷಿಯನ್ ಎಂಬ ಪ್ರಮುಖ ಗುರು ಇದನ್ನು ಒಪ್ಪದೆ, ಹೀಗೆ ಮಣಿದು ಬಿದ್ದವರಿಗೆ ಸಭೆಯಲ್ಲಿ ಮರುಪ್ರವೇಶವಿಲ್ಲವೆಂದು ಬೇರೆಯಾಗಿ ತನ್ನದೇ ಸಭೆ ಕಟ್ಟಿದ. ನಿಂತವರ ಕಥೆಯನ್ನು ಮಾತ್ರ ಮಕ್ಕಳಿಗೆ ಹೇಳುವ ನಾವು, ಗೊತ್ತಿಲ್ಲದೆಯೇ ನೊವೇಷಿಯನ್‌ನ ಪಕ್ಷ ವಹಿಸುತ್ತಿರುತ್ತೇವೆ ಎಂದು ನನಗೆ ಅನ್ನಿಸುತ್ತದೆ. ಅಂದಹಾಗೆ ಸಿಪ್ರಿಯನ್ ಮತ್ತೊಮ್ಮೆ ಓಡಲಿಲ್ಲ. 258ರ ಸೆಪ್ಟೆಂಬರ್ 14ರಂದು ಅವನ ಶಿರಚ್ಛೇದವಾಯಿತು.

ಧಾರವಾಡದ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಹಣ ಕೊಟ್ಟು ಪ್ರಮಾಣಪತ್ರ ಪಡೆದವನ ಸಮರ್ಥನೆಯನ್ನು ಮುಂದಿನ ಭಾನುವಾರ ಮಕ್ಕಳ ಮುಂದಿಟ್ಟು, ತೀರ್ಪನ್ನು ಅವರಿಂದಲೇ ಕೇಳಬೇಕೆಂದಿದ್ದೇನೆ. ನನ್ನ ಮೂರನೆಯ ಸಂದೇಹ ಹಾಗೆಯೇ ಉಳಿದಿದೆ. ನ್ಯಾಯಸ್ಥಾನದ ಮುಂದೆ ನಿಲ್ಲುವುದು ಎಲ್ಲರ ಬದುಕಿನಲ್ಲಿ ಬರುವುದಿಲ್ಲ. ನೆರೆಯವನ ಮನೆಯ ಮದುವೆ, ಕೆಲಸದ ಜಾಗದ ಪೂಜೆ, ತಟ್ಟೆಗೆ ಬಂದ ಊಟ, ಇವು ಪ್ರತಿ ವಾರವೂ ಬರುತ್ತವೆ. ಅವುಗಳ ಬಗ್ಗೆ ಆ ಕಾಲದವರು ಏನು ಹೇಳಿದರು?

ಉತ್ತರ: ಜೆಪ್ಪಿನವನು, ಮಂಗಳೂರು

ಊಟದ ವಿಷಯದಲ್ಲಿ ಪೌಲನಷ್ಟು ಸ್ಪಷ್ಟವಾಗಿ ಮಾತನಾಡಿದವರು ಕಡಿಮೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ, ಅಂಗಡಿಯಲ್ಲಿ ಮಾರುವ ಮಾಂಸವನ್ನು ಅದು ಎಲ್ಲಿಂದ ಬಂತೆಂದು ವಿಚಾರಿಸದೆ ತಿನ್ನಬಹುದು ಎನ್ನುತ್ತಾನೆ. ನಂಬದವನು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ಕೇಳದೆ ತಿನ್ನಿ, ಆದರೆ ಇದು ಬಲಿಯ ಪದಾರ್ಥ ಎಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ತಿನ್ನಬೇಡಿ ಎನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಬಲಿಯ ಪಂಕ್ತಿಯಲ್ಲಿ ಪಾಲುಗಾರರಾಗಬೇಡಿ ಎಂಬ ಕಟ್ಟುನಿಟ್ಟಿನ ಮಾತೂ ಇದೆ. ಅಂದರೆ ತಟ್ಟೆಯಲ್ಲಿರುವ ಪದಾರ್ಥಕ್ಕಿಂತ ಅದನ್ನು ತಿನ್ನುವ ಸಂದರ್ಭವೇ ಅವನ ಗಮನದಲ್ಲಿದ್ದದ್ದು.

ಮದುವೆಯ ವಿಷಯಕ್ಕೆ ಟೆರ್ಟುಲಿಯನ್ನನನ್ನು ಓದಿ. ಅವನು ಕಟ್ಟಾ ಕಠೋರ. ಹಬ್ಬದ ದಿನ ಬಾಗಿಲಿಗೆ ದೀಪ, ಹಸಿರೆಲೆಯ ತೋರಣ ಕಟ್ಟುವುದನ್ನೂ ಬೇಡವೆಂದವನು. ಅಂಥವನೇ ನಿಶ್ಚಿತಾರ್ಥ, ಮದುವೆ, ನಾಮಕರಣ, ಹುಡುಗ ಪ್ರಾಯಕ್ಕೆ ಬಂದಾಗ ಬಿಳಿಯ ಟೋಗ ತೊಡಿಸುವ ಸಮಾರಂಭ, ಇವುಗಳಿಗೆ ಹೋಗುವುದರಲ್ಲಿ ಅಪಾಯವಿಲ್ಲ ಎನ್ನುತ್ತಾನೆ. ಅಲ್ಲಿ ಬಲಿಯೂ ನಡೆಯುತ್ತದಲ್ಲ ಎಂಬ ಆಕ್ಷೇಪಕ್ಕೆ ಅವನ ಉತ್ತರ ಹೀಗಿದೆ: ಬಲಿಗೆಂದೇ ಕರೆದರೆ ಹೋಗಲಾರೆ, ಮನುಷ್ಯನಿಗೆ ಸಲ್ಲಬೇಕಾದ ಮರ್ಯಾದೆಗಾಗಿ ಹೋದಾಗ ಅಲ್ಲಿ ಬಲಿಯೂ ನಡೆದರೆ ನಾನು ಅದರ ಪ್ರೇಕ್ಷಕ ಮಾತ್ರ. ನಮ್ಮ ಕರಾವಳಿಯಲ್ಲಿ ನೆರೆಮನೆಯ ಮದುವೆಗೆ ಹೋಗಿ ಅಕ್ಷತೆ ಹಾಕುವ ಹೊತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದು, ಊಟದ ಪಂಕ್ತಿಯಲ್ಲಿ ಮುಂದೆ ಕೂರುವ ಕ್ರೈಸ್ತ ಹಿರಿಯರನ್ನು ನೋಡಿದವರಿಗೆ ಈ ತರ್ಕ ಹೊಸದೆನಿಸದು. ಇದೇ ಟೆರ್ಟುಲಿಯನ್ 197ರ ಸುಮಾರಿಗೆ ಬರೆದ ಸಮರ್ಥನಾ ಗ್ರಂಥದಲ್ಲಿ, ನಾವೇನು ಬ್ರಾಹ್ಮಣರೇ, ಇಂಡಿಯಾದ ಬೆತ್ತಲೆ ಸನ್ಯಾಸಿಗಳೇ, ಕಾಡು ಸೇರಿ ಬದುಕನ್ನು ಬಿಟ್ಟವರೇ, ನಿಮ್ಮ ಸಂತೆ, ಸ್ನಾನಗೃಹ, ಅಂಗಡಿ ಎಲ್ಲವನ್ನೂ ನಿಮ್ಮೊಂದಿಗೇ ಬಳಸುತ್ತೇವೆ, ನಿಮ್ಮ ಹಡಗಿನಲ್ಲೇ ಹೋಗುತ್ತೇವೆ ಎಂದು ರೋಮನ್ನರನ್ನು ಕೇಳುತ್ತಾನೆ. ನಮ್ಮ ನಾಡಿನ ಮಾತು ಅಲ್ಲಿ ಬಂದದ್ದು ನೋಡಿ ನನಗೆ ನಗು ಬಂತು. ಅವನಿಗೆ ತಲುಪಿದ್ದು ಗ್ರೀಕರ ಪ್ರವಾಸಕಥೆಗಳ ಇಂಡಿಯಾ.

ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ಇಕ್ಕಟ್ಟು ಮದುವೆಯೂ ಅಲ್ಲ, ಊಟವೂ ಅಲ್ಲ, ಜೀವನೋಪಾಯ. ವಿಗ್ರಹ ಕೆತ್ತುವ ಶಿಲ್ಪಿ ಕ್ರೈಸ್ತನಾದರೆ ಏನು ಮಾಡಬೇಕು? ಬೇರೆ ದುಡಿಮೆ ಗೊತ್ತಿಲ್ಲ ಎಂದು ಗೋಳಾಡುವವರಿಗೆ ಟೆರ್ಟುಲಿಯನ್ ಬೈಗುಳದಂಥ ಉತ್ತರ ಕೊಡುತ್ತಾನೆ. ಸಿಪ್ರಿಯನ್ ಅದಕ್ಕಿಂತ ಮನುಷ್ಯನಂತೆ ವರ್ತಿಸುತ್ತಾನೆ. ಮತಾಂತರಗೊಂಡ ನಟನೊಬ್ಬ ರಂಗ ಬಿಟ್ಟರೂ ಹುಡುಗರಿಗೆ ನಟನೆಯನ್ನು ಕಲಿಸಿ ಹೊಟ್ಟೆ ಹೊರೆಯುತ್ತಿದ್ದಾನೆ, ಅವನನ್ನು ಸಭೆಯಲ್ಲಿ ಇರಿಸಿಕೊಳ್ಳಬಹುದೇ ಎಂದು ಯುಕ್ರೇಷಿಯಸ್ ಎಂಬ ಬಿಷಪ್ ಕೇಳಿದಾಗ, ಸಿಪ್ರಿಯನ್ ಆ ಕೆಲಸ ಕೂಡದೆಂದು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ಅವನು ಬಡವನಾಗಿದ್ದರೆ ಸಭೆ ಸಾಕುವ ಉಳಿದವರ ಜೊತೆ ಅವನನ್ನೂ ಸಾಕಿ. ನಿಮ್ಮ ಸಭೆಗೆ ಶಕ್ತಿ ಇಲ್ಲದಿದ್ದರೆ ನಮ್ಮಲ್ಲಿಗೆ ಕಳುಹಿಸಿ, ಊಟ ಬಟ್ಟೆ ನಾವು ಕೊಡುತ್ತೇವೆ ಎಂದು ಬರೆಯುತ್ತಾನೆ. ಒಬ್ಬನಿಗೆ ಬೇಡ ಎನ್ನುವ ಸಭೆ ಅವನ ಅಕ್ಕಿಯ ಖರ್ಚನ್ನೂ ಹೊರಬೇಕು ಎಂಬುದು ಈ ಪತ್ರದ ಅರ್ಥ.

ಇದನ್ನು ಓದುವಾಗ ನಮ್ಮ ಊರಿನ ಚರಿತ್ರೆ ನೆನಪಾಗದೆ ಇರುವುದಿಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು, ಕ್ರೈಸ್ತರಾದವರು ಜಾತಿಯ ಕಟ್ಟನ್ನು ಬಿಡಲೇಬೇಕೆಂದಾಗ, ಆದವರಲ್ಲಿ ಬಹಳ ಮಂದಿಗೆ ಮನೆಯೂ ಕಸುಬೂ ಒಟ್ಟಿಗೆ ಹೋದವು. ಬಿಲ್ಲವರಿಂದ ಬಂದವರಿಗೆ ಶೇಂದಿ ಇಳಿಸುವ ಕುಲಕಸುಬನ್ನು ಮಿಷನ್ ಒಪ್ಪಲಿಲ್ಲ. ಮತ ಬದಲಿಸಿದವನ ಆಸ್ತಿಯ ಹಕ್ಕು ಹೋಗಬಾರದೆಂಬ ಕಾನೂನು 1850ರಲ್ಲಿ ಬಂದರೂ, ಕಾನೂನಿನ ಹಾಳೆಯಿಂದ ಒಲೆ ಉರಿಯುವುದಿಲ್ಲ. ನೇಯ್ಗೆಯ ಶಾಲೆ, ಅಚ್ಚುಕೂಟ, 1865ರಲ್ಲಿ ಜೆಪ್ಪಿನ ಹೆಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಅಗತ್ಯವೂ ಇತ್ತು. ಅದರಿಂದ ಸಭೆಯ ಜನ ಮಿಷನ್ನಿನ ಹಂಗಿಗೆ ಬಿದ್ದರು ಎಂಬ ಟೀಕೆಯೂ ನಿಜವೇ; ಕೆಲಸ ಕೊಡುವವರೂ ಉಪದೇಶ ಮಾಡುವವರೂ ಒಬ್ಬರೇ ಆದಾಗ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಆದರೂ ಒತ್ತಡಕ್ಕೆ ಮಣಿಯಬೇಡ ಎಂದು ಬರಿಗೈಯಲ್ಲಿ ಹೇಳುವವರಿಗಿಂತ ಅವರು ಮೇಲು ಎಂದೇ ನಾನು ಎಣಿಸುತ್ತೇನೆ.

ಉತ್ತರ: ಬಸವನಗುಡಿಯವನು

ನಾನು ಕ್ರೈಸ್ತನಲ್ಲ, ರೋಮನ್ ಚರಿತ್ರೆಯಲ್ಲಿ ಆಸಕ್ತಿಯುಳ್ಳವನು. ಚರ್ಚೆ ಘನವಾಗಿ ನಡೆದಿದೆ, ಆದರೆ ಕಥೆ ಅರ್ಧಕ್ಕೆ ನಿಂತಿದೆ. ಧೂಪ ಹಾಕದೆ ಸತ್ತವರ ವಾರಸುದಾರರ ಕೈಗೆ ಅಧಿಕಾರ ಬಂದಾಗ ಅವರು ಮಾಡಿದ್ದೇನು? ರೋಮಿನ ಸೆನೆಟ್ ಭವನದಿಂದ ವಿಜಯದೇವತೆಯ ಬಲಿಪೀಠವನ್ನು ತೆಗೆದದ್ದನ್ನು ಹಿಂದಕ್ಕೆ ಪಡೆಯಬೇಕೆಂದು 384ರಲ್ಲಿ ಸಿಮ್ಮಾಕಸ್ ಎಂಬ ಹಿರಿಯ ಅಧಿಕಾರಿ ಚಕ್ರವರ್ತಿಗೆ ಮನವಿ ಬರೆದ. ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ತಲುಪಲಾಗದು ಎಂಬ ಅವನ ಮಾತು ನಮ್ಮ ಕಿವಿಗೆ ಬಹಳ ಪರಿಚಿತವಾಗಿ ಕೇಳಿಸುತ್ತದೆ. ಮಿಲಾನಿನ ಬಿಷಪ್ ಆಂಬ್ರೋಸ್ ಅದನ್ನು ಬಲವಾಗಿ ವಿರೋಧಿಸಿದ, ಮನವಿ ಬಿದ್ದುಹೋಯಿತು. 392ರಲ್ಲಿ ಥಿಯೋಡೋಸಿಯಸ್ ಹೊರಡಿಸಿದ ಕಾಯಿದೆ, ಮನೆಯೊಳಗೆ ಕುಲದೇವತೆಗೆ ದೀಪ ಹಚ್ಚುವುದನ್ನೂ, ಹೂಮಾಲೆ ಹಾಕುವುದನ್ನೂ, ಧೂಪ ಹಾಕುವುದನ್ನೂ ನಿಷೇಧಿಸಿತು. ಧೂಪದ ಹೊಗೆ ಎದ್ದ ಜಾಗ ಹಾಕಿದವನದೇ ಆಗಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗಬೇಕೆಂದು ಅದರಲ್ಲಿ ಬರೆದಿತ್ತು. ಒಂದು ಕಾಲಕ್ಕೆ ಹಾಕದಿದ್ದರೆ ತಪ್ಪು, ಇನ್ನೊಂದು ಕಾಲಕ್ಕೆ ಹಾಕಿದರೆ ತಪ್ಪು. ಯುವಜನರಿಗೆ ಇದನ್ನೂ ಹೇಳಿಕೊಡುತ್ತೀರೆಂದು ನಂಬಿದ್ದೇನೆ.

ಉತ್ತರ: ಹಳೆಯ ಮೇಷ್ಟ್ರು

ಬಸವನಗುಡಿಯವರು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಏನೂ ಇಲ್ಲ, ಮತ್ತು 392ರ ಕಾಯಿದೆಯನ್ನು ಪ್ಲಿನಿಯ ಪತ್ರದ ಪಕ್ಕದಲ್ಲಿಟ್ಟು ಓದಿಸುವುದು ಒಳ್ಳೆಯ ಸಲಹೆ. ನಾನು ಸೇರಿಸುವುದು ಇಷ್ಟೇ: ಆ ಕಾಯಿದೆಯನ್ನು ಖಂಡಿಸಲು ಹೊರಗಿನ ಮಾತು ಬೇಕಾಗಿಲ್ಲ, ಕ್ರೈಸ್ತರೇ ಬರೆದಿಟ್ಟದ್ದು ಸಾಕು. 212ರ ಸುಮಾರಿಗೆ ಆಫ್ರಿಕದ ರಾಜ್ಯಪಾಲ ಸ್ಕ್ಯಾಪುಲನಿಗೆ ಬರೆದ ಪತ್ರದಲ್ಲಿ ಟೆರ್ಟುಲಿಯನ್, ತನಗೆ ಸರಿಕಂಡದ್ದನ್ನು ಆರಾಧಿಸುವುದು ಪ್ರತಿಯೊಬ್ಬ ಮನುಷ್ಯನ ಸಹಜ ಹಕ್ಕು, ಧರ್ಮವನ್ನು ಬಲವಂತಪಡಿಸುವುದು ಧರ್ಮದ ಕೆಲಸವಲ್ಲ ಎಂದು ವಾದಿಸಿದ್ದ. ಬಲವಂತದ ಬಲಿಯಿಂದ ನಿಮ್ಮ ದೇವತೆಗಳಿಗೂ ಏನೂ ಸಿಗುವುದಿಲ್ಲ ಎಂಬುದು ಅವನ ಮುಂದಿನ ಮಾತು. ಅದೇ ಆಫ್ರಿಕದಲ್ಲಿ ಸುಮಾರು 200 ವರ್ಷಗಳ ನಂತರ, ಬಿಷಪ್ ಆಗಸ್ಟೀನ್ ಮೊದಲು ಬಲವಂತ ಬೇಡವೆಂದಿದ್ದವನು, ಡೊನಾಟಿಸ್ಟ್ ಎಂಬ ಕ್ರೈಸ್ತ ಪಂಗಡದವರನ್ನು ಸರ್ಕಾರದ ಕಾಯಿದೆಯಿಂದ ತನ್ನ ಸಭೆಗೆ ತರುವುದನ್ನು ಸಮರ್ಥಿಸಿದ. ಯೇಸು ಹೇಳಿದ ಔತಣದ ಸಾಮ್ಯಕಥೆಯಲ್ಲಿ ಬರುವ, ಜನರನ್ನು ಬಲವಂತಮಾಡಿ ಒಳಗೆ ಕರೆದುಕೊಂಡು ಬಾ ಎಂಬ ಮಾತನ್ನು ಅದಕ್ಕೆ ಆಧಾರವಾಗಿ ಬಳಸಿದ. ಡೊನಾಟಿಸ್ಟರು ಯಾರೆಂದು ಕೇಳಿದರೆ, ಹಿಂಸೆಯ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಮಣಿದ ಗುರುಗಳನ್ನು ಕ್ಷಮಿಸಲು ಒಪ್ಪದವರು. ಮಣಿದವರನ್ನು ಮೃದುವಾಗಿ ಕಂಡ ಸಭೆ ಮಣಿಯದವರ ಮೇಲೆ ಸರ್ಕಾರವನ್ನು ಬಿಟ್ಟಿತು. ಇದರಲ್ಲಿ ಸಿಪ್ರಿಯನ್‌ನ ಕರುಣೆ ಎಲ್ಲಿ ಮುಗಿದು ಅಧಿಕಾರದ ಅನುಕೂಲ ಎಲ್ಲಿ ಶುರುವಾಯಿತು ಎಂಬ ಪ್ರಶ್ನೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗಂತೂ ಅದು 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಈ ಜಗಳಕ್ಕೆ ನ್ಯಾಯ ಹೇಳಲು ಒಪ್ಪಿದ ವರ್ಷದಲ್ಲಿಯೇ ಶುರುವಾದಂತೆ ತೋರುತ್ತದೆ.